ನಿಮ್ಮ ಮನೆಯದ್ದೂ ಉಂಟಾ ನೋಡಿ

ಪರಶುರಾಮ ಕೊಡಲಿ ಎಸೆದು ಸಮುದ್ರವನ್ನು ಹಿಂದೆ ಸರಿಸಿ ಈ ನಾಡನ್ನು ಪಡೆದಾಗ ಆ ಗುಡ್ಡ ಇರಲಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲೂ ಇರಲಿಲ್ಲ. ಮಂಗಳೂರಿನ ಮನೆಮನೆಯವರು ಬೆಳಿಗ್ಗೆ ಗೇಟಿನ ಹೊರಗಿಟ್ಟ ಕಸದ ತೊಟ್ಟೆಗಳು ಒಂದರ ಮೇಲೊಂದು ಬಿದ್ದು ಎದ್ದ ಗುಡ್ಡ ಅದು. 2019ರ ಆಗಸ್ಟಿನಲ್ಲಿ ಅದು ಪಚ್ಚನಾಡಿಯ ಡಂಪಿಂಗ್ ಯಾರ್ಡಿನಿಂದ ಹೊರಟು ಕೆಳಗಿನ ಮಂದಾರದ ಮನೆ, ತೋಟ, ಬಾವಿಗಳ ಮೇಲೆ ಕವುಚಿಕೊಂಡಿತು. ಆಗ ಊರವರ ಬಾಯಿಗೆ ಮೊದಲು ಬಂದ ಮಾತು ‘ಪ್ರಕೃತಿ ವಿಕೋಪ’. ಪ್ರಕೃತಿಯ ಮೇಲೆ ಏನನ್ನೂ ಹೊರಿಸಬಹುದು ನೋಡಿ, ಅದು ಮಾನನಷ್ಟ ಮೊಕದ್ದಮೆ ಹೂಡುವುದಿಲ್ಲ.

ಹಿಂದಿನ ವರ್ಷ ಕೊಡಗಿನಲ್ಲಿ ಜರಿದ ಗುಡ್ಡಗಳ ಹಾಗೆ ಇದು ಧೊಪ್ಪನೆ ಬೀಳಲಿಲ್ಲ. ದಿನಗಟ್ಟಲೆ, ತೇರು ಎಳೆದಷ್ಟೇ ನಿಧಾನಕ್ಕೆ ಮುಂದೆ ಮುಂದೆ ಬಂತು. ಈ ನಿಧಾನದಿಂದಲೇ ಜನ ಮಕ್ಕಳನ್ನು, ದನಕರುಗಳನ್ನು, ಆಧಾರ್ ಕಾರ್ಡನ್ನು ಹಿಡಿದುಕೊಂಡು ಹೊರಬೀಳಲು ಸಾಧ್ಯವಾಯಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಹಾಗೆ ಮನೆ ಬಿಟ್ಟವು. ತೆಂಗಿಗೆ, ಅಡಿಕೆಗೆ ಎದ್ದು ಹೊರಡಲು ಕಾಲಿಲ್ಲ.

ನಾನು ನೋಡಲು ಹೋದದ್ದು ಒಂದು ವಾರ ಕಳೆದ ಮೇಲೆ, ಮೂಗಿಗೆ ಬೈರಾಸು ಕಟ್ಟಿಕೊಂಡು. ಕಣ್ಣಿಗೆ ಮೊದಲು ಬಿದ್ದದ್ದು ಅಡಿಕೆ ಮರದ ಮಂಡೆಗಳು. ಕೆಳಗಿನ ಕಾಂಡವೆಲ್ಲ ಕಸದೊಳಗೆ ಹೂತುಹೋಗಿ, ಕತ್ತೆತ್ತಿ ನೋಡಬೇಕಾದ ಗೊನೆ ನನ್ನ ಎದೆಯ ಮಟ್ಟಕ್ಕೆ ಬಂದಿತ್ತು. ಕೊಯ್ಯಲು ದೋಟಿ ಬೇಡ, ಮರ ಹತ್ತುವವನೂ ಬೇಡ, ನಿಂತಲ್ಲಿಂದಲೇ ಕೈಹಾಕಬಹುದು. ಸೋಗೆ ಇನ್ನೂ ಹಸಿರಾಗಿಯೇ ಇತ್ತು. ತಾನು ಸತ್ತಿದ್ದೇನೆ ಎಂಬುದು ಮರಕ್ಕೆ ತಿಳಿಯಲು ಸ್ವಲ್ಪ ಸಮಯ ಬೇಕು. ಕಾಲ ಬುಡದಲ್ಲಿ ಹಾಲಿನ ತೊಟ್ಟೆ, ಶ್ಯಾಂಪೂ ಸ್ಯಾಶೆ, ಮಗುವಿನ ಡೈಪರ್, ಗ್ಲೂಕೋಸ್ ಬಾಟಲಿಯ ನಳಿಕೆ, ಮದುವೆ ಹಾಲಿನ ಥರ್ಮೋಕೋಲ್ ತಟ್ಟೆ. ಯಾವುದೋ ಬ್ರಹ್ಮಕಲಶೋತ್ಸವದ ಫ್ಲೆಕ್ಸ್ ಅರ್ಧ ಮಡಚಿಕೊಂಡು ಬಿದ್ದಿತ್ತು. ಅದರಲ್ಲೊಬ್ಬರು ಕೈಮುಗಿದುಕೊಂಡು ನಗುತ್ತಿದ್ದರು.

ಅಲ್ಲೇ ಕೊಡೆ ಹಿಡಿದು ನಿಂತಿದ್ದ ಅಜ್ಜರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: “ಪೇಟೆಯವರಾ? ನಿಮ್ಮ ಮನೆಯದ್ದೂ ಉಂಟಾ ನೋಡಿ ಮಾರಾಯ್ರೆ. ಇದ್ದರೆ ವಾಪಸು ಕೊಂಡುಹೋಗಿ.”

ಇತ್ತು. ಇಲ್ಲದೆ ಎಲ್ಲಿಗೆ ಹೋಗುತ್ತದೆ? ಹಸಿ ಕಸ, ಒಣ ಕಸ ಎಂದು ಬೇರೆ ಮಾಡುವ ಅಭ್ಯಾಸ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಇರಲಿಲ್ಲ. ಬಂಗುಡೆಯ ಮುಳ್ಳು, ಒಡೆದ ಟ್ಯೂಬ್‌ಲೈಟು, ಮುಗಿದ ಪೆನ್ನು, ಎಲ್ಲ ಒಂದೇ ತೊಟ್ಟೆಗೆ ತುಂಬಿ ಗಂಟು ಹಾಕಿ ಇಡುತ್ತಿದ್ದೆವು. ಗಂಟು ಹಾಕಿದರೆ ನಮ್ಮ ಪಾಲಿನ ಸ್ವಚ್ಛತೆ ಮುಗಿಯಿತು. ಈ ಬರಹದ ಸಿಟ್ಟಿನಲ್ಲಿ ನನಗೆ ಸಲ್ಲಬೇಕಾದ ಪಾಲನ್ನು ಮೊದಲೇ ತೆಗೆದಿಟ್ಟುಕೊಂಡೇ ಮುಂದಿನ ಮಾತು ಆಡುತ್ತೇನೆ. ಆದರೆ ಕಾನೂನು ಕಸದ ಹೊಣೆ ಹೊರಿಸಿದ್ದು ನನ್ನ ತೊಟ್ಟೆಯ ಗಂಟಿನ ಮೇಲೊಂದೇ ಅಲ್ಲ. ‘ಜನ ಸರಿಯಿಲ್ಲ’ ಎಂದು ಹೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗುವ ಆಡಳಿತಕ್ಕೆ ನನ್ನ ತಪ್ಪೊಪ್ಪಿಗೆಯನ್ನು ದಿಂಬಾಗಿ ಕೊಡಲು ನಾನು ತಯಾರಿಲ್ಲ.

ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇದೇನು ಗುಟ್ಟಲ್ಲ. ಗುಡ್ಡೆಯ ಇಳಿಜಾರಿನಲ್ಲಿ ಅಡಿಕೆ ಹಾಕುವ ಬೇಸಾಯಗಾರ ಮೊದಲು ತಟ್ಟು ತಟ್ಟಾಗಿ ಕಡಿಯುತ್ತಾನೆ, ನೀರು ಹೋಗಲು ಕಣಿ ತೋಡುತ್ತಾನೆ, ಆಮೇಲೆ ಸಸಿಯ ಮಾತು. ಅವನೇನೂ ಎಂಜಿನಿಯರಿಂಗ್ ಓದಿದವನಲ್ಲ. ನಿಜವಾದ ಗುಡ್ಡಕ್ಕಾದರೂ ಮುರಕಲ್ಲಿನ, ಬೇರಿನ ಹಿಡಿತ ಇರುತ್ತದೆ. ಕಸದ ರಾಶಿಗೆ ಏನಿದೆ? ಹಸಿ ಕಸ ಕೊಳೆತು ಒಳಗೆ ಪೊಳ್ಳಾಗುತ್ತದೆ. ನಡುನಡುವೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಪದರಗಳು ನೀರನ್ನು ಕೆಳಗೂ ಇಳಿಯಗೊಡುವುದಿಲ್ಲ, ಹೊರಗೂ ಹರಿಯಗೊಡುವುದಿಲ್ಲ. ನೀರು ಕುಡಿದ ರಾಶಿ ಹೊಟ್ಟೆ ಉಬ್ಬಿ ತನ್ನ ಭಾರಕ್ಕೆ ತಾನೇ ಜಾರುತ್ತದೆ. ಎತ್ತರ ಮಿತಿಯಲ್ಲಿಡುವುದು, ಮೆಟ್ಟಿಲು ಕಡಿಯುವುದು, ಮೇಲೆ ಮಣ್ಣು ಹೊದೆಸುವುದು, ಬುಡದಲ್ಲಿ ಕಣಿ ಮಾಡಿ ಕಪ್ಪು ನೀರನ್ನು ಹಿಡಿಯುವುದು: ಇಷ್ಟೇ ಕೆಲಸ. ಅಡಿಕೆ ತೋಟದವನು ಮಾಡುವ ಕೆಲಸ.

ಎಚ್ಚರಿಕೆ ಸಿಕ್ಕಿರಲಿಲ್ಲವೇ? 2017ರ ಮಾರ್ಚಿನಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಕಸದ ಗುಡ್ಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಏಪ್ರಿಲ್ 14ರಂದು, ಸಿಂಹಳ ಹೊಸವರ್ಷದ ದಿನ, ನಮ್ಮಂತೆಯೇ ಮಳೆಯ ಕರಾವಳಿ ಊರಾದ ಕೊಲಂಬೊದ ಮೀತೊಟಮುಲ್ಲದಲ್ಲಿ ಮೂವತ್ತಕ್ಕೂ ಹೆಚ್ಚು ಜನ. ಸೆಪ್ಟೆಂಬರಿನಲ್ಲಿ ದೆಹಲಿಯ ಗಾಜಿಪುರದ ರಾಶಿ ರಸ್ತೆಗೆ ಜಾರಿ ವಾಹನಗಳನ್ನು ಕಾಲುವೆಗೆ ತಳ್ಳಿತು, ಇಬ್ಬರು ಹೋದರು. ಒಂದೇ ವರ್ಷದಲ್ಲಿ ಮೂರು. ಹಸಿ ಒಣ ಬೇರೆ ಮಾಡಬೇಕು, ಬೇರೇನೂ ಮಾಡಲಾಗದ ಜಡ ವಸ್ತು ಮಾತ್ರ ನೆಲಭರ್ತಿಗೆ ಹೋಗಬೇಕು ಎಂಬ ನಿಯಮ 2000ದಲ್ಲೇ ಬಂದಿತ್ತು, 2016ರಲ್ಲಿ ಇನ್ನಷ್ಟು ಬಿಗಿಯಾಗಿ ಮತ್ತೆ ಬಂದಿತ್ತು. ಆ ನಿಯಮಗಳ ಗಜೆಟ್ ಪ್ರತಿಯೂ ಕೊನೆಗೆ ಇದೇ ರಾಶಿಗೆ ಸೇರಿರಬೇಕು ಎಂದು ನನಗೆ ಗುಮಾನಿ.

2016 ಅಂದಾಗ ಇನ್ನೊಂದು ನೆನಪಾಯಿತು. ಅದೇ ವರ್ಷ ಮಂಗಳೂರು ‘ಸ್ಮಾರ್ಟ್ ಸಿಟಿ’ ಪಟ್ಟಿಗೆ ಸೇರಿತು. ಹಂಪನಕಟ್ಟೆಯಲ್ಲಿ ಹಿಂದೆ ನಾವೇ ಕೆಡವಿದ ಗಡಿಯಾರ ಗೋಪುರ ಮತ್ತೆ ಎದ್ದು ನಿಂತಿತು. ಗಂಟೆ ಎಷ್ಟಾಯಿತೆಂದು ಪ್ರತಿಯೊಬ್ಬನೂ ಮೊಬೈಲಿನಲ್ಲಿ ನೋಡಿಕೊಳ್ಳುವ ಕಾಲದಲ್ಲಿ ನಮಗೆ ಗೋಪುರ ಬೇಕಾಯಿತು. ಕಾಣುವಲ್ಲಿ ಇಂಟರ್‌ಲಾಕ್ ಹಾಸುವುದು, ಕಾಣದಲ್ಲಿ ಸುರಿಯುವುದು.

ಇದು ಕೇವಲ ಹಣದ, ಯಂತ್ರದ ಪ್ರಶ್ನೆಯಲ್ಲ. ನಮ್ಮ ಶುಚಿತ್ವದ ಕಲ್ಪನೆಯೇ ಮಡಿಯದ್ದು. ಅಂಗಳ ಗುಡಿಸುತ್ತೇವೆ, ಗುಡಿಸಿದ್ದನ್ನು ಬೇಲಿಯಾಚೆಗೆ ಹಾಕುತ್ತೇವೆ. ಬೇಲಿಯಾಚೆ ಇರುವುದು ಯಾರು ಎಂದು ಕೇಳುವುದಿಲ್ಲ. ಹಿಂದೆ ಮನುಷ್ಯರನ್ನೇ ಊರಿನಿಂದಾಚೆ ಇಟ್ಟಿದ್ದವರಿಗೆ ಕಸವನ್ನು ಇಡುವುದು ಏನು ಮಹಾ? ಕೈಗವಸು ಸರಿಯಾಗಿ ಸಿಗದೆಯೂ ನಸುಕಿನಲ್ಲಿ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರು ಯಾವ ಕೇರಿಗಳಿಂದ ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಕಸಕ್ಕೆ ಟನ್ನಿನ ಲೆಕ್ಕದಲ್ಲಿ ಹಣ ಕೊಡುವ ಊರುಗಳಲ್ಲಂತೂ ಮುಗಿದೇ ಹೋಯಿತು. ವಿಂಗಡಿಸಿ, ಒಣಗಿಸಿ, ಕಡಿಮೆ ತೂಕ ತರುವವನು ಅಲ್ಲಿ ದಡ್ಡ. ಮಳೆಯಲ್ಲಿ ನೆನೆದ ಕಸವೇ ಗುತ್ತಿಗೆದಾರನ ಬೆಳೆ.

ಆ ಆಗಸ್ಟಿನಲ್ಲಿ ಮಂದಾರದವರು ಯಾರ ಬಾಗಿಲು ತಟ್ಟಬೇಕಿತ್ತು? ಪಾಲಿಕೆಯ ಕೌನ್ಸಿಲ್ಲಿನ ಅವಧಿ ಮಾರ್ಚಿಗೇ ಮುಗಿದಿತ್ತು. ಚುನಾವಣೆ ನಡೆದದ್ದು ನವೆಂಬರಿನಲ್ಲಿ. 60 ವಾರ್ಡುಗಳ ಊರು ಆ ಇಡೀ ಮಳೆಗಾಲವನ್ನು ಒಬ್ಬ ಕಾರ್ಪೊರೇಟರ್ ಇಲ್ಲದೆ ಕಳೆಯಿತು. ಸಂವಿಧಾನದ 74ನೇ ತಿದ್ದುಪಡಿ ಹೇಳುವುದು ಸ್ಪಷ್ಟವಾಗಿದೆ: ಐದು ವರ್ಷ ತುಂಬುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಇದು ಬುದ್ಧಿಮಾತಲ್ಲ, ಕಟ್ಟಳೆ. ಆದರೆ ಮೀಸಲಾತಿ ಪಟ್ಟಿ, ವಾರ್ಡ್ ವಿಂಗಡಣೆ, ಕೋರ್ಟಿನ ತಕರಾರು ಎಂದು ಯಾವಾಗಲೂ ಏನಾದರೊಂದು ನೆಪ ಸಿಗುತ್ತದೆ. ಯಾವ ಪಕ್ಷದ ಸರ್ಕಾರ ಬಂದರೂ ಆಡಳಿತಾಧಿಕಾರಿಯ ಕೈಯಲ್ಲಿ ಊರು ಇರುವುದು ರಾಜಧಾನಿಗೆ ಹಾಯಾಗಿರುತ್ತದೆ. ಪಾಠ ಕಲಿತೆವೇ? 2025ರ ಫೆಬ್ರವರಿಯಲ್ಲಿ ಮುಂದಿನ ಕೌನ್ಸಿಲ್ಲಿನ ಅವಧಿ ಮುಗಿಯಿತು. ಆ ವರ್ಷದ ಮಳೆಯೂ ಕಾರ್ಪೊರೇಟರ್ ಇಲ್ಲದ ಊರಿನ ಮೇಲೆಯೇ ಸುರಿದು ಹೋಯಿತು. ಕಾರ್ಪೊರೇಟರ್ ಇದ್ದಿದ್ದರೆ ಗುಡ್ಡ ನಿಲ್ಲುತ್ತಿತ್ತು ಎಂದು ನಂಬುವಷ್ಟು ಮುಗ್ಧ ನಾನಲ್ಲ, ಅವರು ಇದ್ದ ವರ್ಷಗಳಲ್ಲೇ ತಾನೇ ಅದು ಬೆಳೆದದ್ದು. ಆದರೂ ಬೈಯಲು ಒಂದು ಮುಖ ಬೇಕು. ಮನೆ ಎಲ್ಲಿದೆಯೆಂದು ಗೊತ್ತಿರುವ, ಮುಂದಿನ ಸಲ ಓಟು ಕೇಳಲು ಅದೇ ಅಂಗಳಕ್ಕೆ ಬರಲೇಬೇಕಾದ ಒಂದು ಮುಖ.

ಇನ್ನು ನೀರಿನ ಕತೆ. ಮಂಗಳೂರಿಗೆ ಎರಡು ಹೊಳೆ. ನೇತ್ರಾವತಿಗೆ ತುಂಬೆಯಲ್ಲಿ ಅಣೆಕಟ್ಟು ಕಟ್ಟಿ ಊರು ಕುಡಿಯುತ್ತದೆ. ಹಾಗಾಗಿ ಬೇಸಗೆಯಲ್ಲಿ ತುಂಬೆಯ ನೀರಿನ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ, ಮೀಟರಿನ ಲೆಕ್ಕದಲ್ಲಿ ಎಲ್ಲರಿಗೂ ಬಾಯಿಪಾಠ. ಪಚ್ಚನಾಡಿಯ ಕಪ್ಪು ನೀರು ಇಳಿದದ್ದು ಇನ್ನೊಂದಕ್ಕೆ. ಮಂದಾರದ ತೋಡಿಗಿಳಿದು, ಅಲ್ಲಿಂದ ಫಲ್ಗುಣಿಗೆ, ಮರವೂರಿನ ಕಿಂಡಿ ಅಣೆಕಟ್ಟಿನ ಕಡೆಗೆ. ಮರವೂರಿನ ನೀರು ಕುಡಿಯುವುದು ಪೇಟೆಯವರಲ್ಲ, ಸುತ್ತಲಿನ ಗ್ರಾಮಗಳವರು. ಕಸ ನಮ್ಮದು, ನಲ್ಲಿ ಅವರದ್ದು. ಮಂದಾರದ ತೋಟದ ಬಾವಿಯಲ್ಲಿ ಕೊಡಪಾನ ಇಳಿಸಿದರೆ ಕಾಫಿ ಡಿಕಾಕ್ಷನ್ನಿನಂಥ ನೀರು ಬರುತ್ತಿತ್ತು, ಮೇಲೆ ಎಣ್ಣೆಯ ಹಾಗೆ ಬಣ್ಣಬಣ್ಣದ ಪೊರೆ. ಆದರೆ ಹೊಳೆಗಳು ಪಾಲಿಕೆಯ ಗಡಿಯನ್ನು ಓದುವುದಿಲ್ಲ. ಬೆಂಗ್ರೆಯ ಅಳಿವೆಬಾಗಿಲಿನಲ್ಲಿ ಎರಡೂ ಒಂದಾಗಿ ಸಮುದ್ರಕ್ಕೆ ಸೇರುತ್ತವೆ. ಅಲ್ಲಿಂದಾಚೆ ಬಲೆಗೆ ಬಿದ್ದದ್ದನ್ನು ನಾವೇ ಮಾರ್ಕೆಟಿನಲ್ಲಿ ಚೌಕಾಸಿ ಮಾಡಿ ತರುತ್ತೇವೆ.

ಮುಂದೆ ಏನಾಯಿತೆಂದರೆ, ಆಗಬೇಕಾದ್ದೇ ಆಯಿತು. ನಾಯಕರು ಬಂದರು, ಬೂಟು ಹಾಕಿಕೊಂಡು ನಿಂತು ಫೋಟೊ ತೆಗೆಸಿಕೊಂಡರು. ಮನೆ ಕಳಕೊಂಡವರನ್ನು ಕುಲಶೇಖರದ ಬಳಿ ಹೌಸಿಂಗ್ ಬೋರ್ಡಿನ ಫ್ಲಾಟುಗಳಿಗೆ ಸೇರಿಸಿದರು. ಅಂಗಳದಲ್ಲಿ ಅಡಿಕೆ ಒಣಹಾಕಿ ಬೆಳೆದವರಿಗೆ ಸಿಕ್ಕಿದ್ದು ಬಟ್ಟೆ ಒಣಹಾಕಲು ಒಂದು ಬಾಲ್ಕನಿ. ವಿಷಯ ಹೈಕೋರ್ಟಿಗೆ ಹೋಗಿ, ಕೋರ್ಟು ಗದರಿದ ಮೇಲೆ ಪರಿಹಾರದ ಕಡತ ಅಲುಗಾಡಿತು. ವರ್ಷಗಳ ನಂತರ ಹಳೆಯ ರಾಶಿಯನ್ನು ಅಗೆದು ಜರಡಿ ಹಿಡಿಯುವ ಬಯೋಮೈನಿಂಗ್ ಬಂತು. ಕಡತದಲ್ಲಿ ಆ ರಾಶಿಗೆ ‘ಪಾರಂಪರಿಕ ತ್ಯಾಜ್ಯ’ ಎಂದು ಹೆಸರು. ಮೈಸೂರು ಅರಮನೆಯಂತೆ ಪಚ್ಚನಾಡಿಯ ಡೈಪರುಗಳೂ ನಮ್ಮ ಪರಂಪರೆ. ಈ ನಡುವೆ 2023ರ ಜನವರಿಯಲ್ಲಿ ಅದೇ ಯಾರ್ಡಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತು. ಮಳೆಗೆ ಜಾರುತ್ತದೆ, ಬಿಸಿಲಿಗೆ ಉರಿಯುತ್ತದೆ. ಕೊಳೆತದ್ದರೊಳಗೆ ಹುಟ್ಟುವ ಅನಿಲಕ್ಕೆ ಒಂದು ಕಿಡಿ ಸಾಕು.

ಇಷ್ಟಕ್ಕೆಲ್ಲ ಯಾರಿಗೆ ಶಿಕ್ಷೆಯಾಯಿತು ಎಂದು ಕೇಳಬೇಡಿ. ಲೈಸೆನ್ಸ್ ಇಲ್ಲದೆ ಮೂಲೆಯಲ್ಲಿ ಬಜಿಲ್ ಮಾರುವವಳ ಗಾಡಿಯನ್ನು ಎತ್ತಿಕೊಂಡು ಹೋಗಲು ಎಲ್ಲ ಊರಲ್ಲೂ ಜೆಸಿಬಿ ಇದೆ. ಒಂದು ಊರಿನ ಮೇಲೆ ಇನ್ನೊಂದು ಊರನ್ನು ಕವುಚಿ ಹಾಕಿದ್ದಕ್ಕೆ ಯಾವ ಸೆಕ್ಷನ್ನೂ ಇಲ್ಲವೋ ಏನೋ.

ಕಸ ಜಾರಿದ ಆ ದಿನಗಳು ನಾಗರಪಂಚಮಿಯ ಆಸುಪಾಸು. ಆ ವರ್ಷ ಪಂಚಮಿ ಬಿದ್ದದ್ದು ಆಗಸ್ಟ್ 5ಕ್ಕೆ. ಮಂದಾರದಲ್ಲಿ ಮನೆಗಳ ಜೊತೆ ದೈವಸ್ಥಾನಕ್ಕೂ ನಾಗಬನಕ್ಕೂ ಕಸ ನುಗ್ಗಿತು. ಧರ್ಮಕ್ಕೆ ಅಪಚಾರವಾಯಿತೆಂದು ಸಣ್ಣಪುಟ್ಟದ್ದಕ್ಕೆಲ್ಲ ಬಂದ್‌ಗೆ ಕರೆಕೊಡುವ ಊರು ನಮ್ಮದು. ನಾಗನ ಕಲ್ಲಿನ ಮೇಲೆ ಊರಿಡೀ ಸ್ಯಾನಿಟರಿ ಪ್ಯಾಡು ಸುರಿದಾಗ ಒಂದು ಅಂಗಡಿಯ ಶಟರೂ ಕೆಳಗೆ ಬರಲಿಲ್ಲ. ಬಂದ್ ಮಾಡಿಸಲು ಎದುರಿಗೊಬ್ಬ ಪರಧರ್ಮದವನು ಬೇಕು. ಕಸದಲ್ಲಿ ಮೂರೂ ಧರ್ಮದವರ ತೊಟ್ಟೆ ಇತ್ತು.

ನಾಗನಿಗೆ ಹಾಲು, ಎಳನೀರಿನ ಜೊತೆ ಹಿಂಗಾರ ಬೇಕು, ಅಡಿಕೆಯ ಹಾಳೆ ಬಿರಿದು ಹೊರಬರುವ ಆ ಬಿಳಿಹಳದಿ ಹೂಗೊನೆ. ಮಂದಾರದವರು ಅದನ್ನು ಪೇಟೆಯಿಂದ ತಂದವರಲ್ಲ, ತೋಟದಲ್ಲೇ ಇತ್ತು. ಈಗ ಪಂಚಮಿಯ ಹಿಂದಿನ ದಿನ ಹೂವಿನ ಮಾರ್ಕೆಟಿನಲ್ಲಿ ಒಂದೊಂದು ಹಿಂಗಾರಕ್ಕೆ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಡಿಕೆ ಸಸಿ ನೆಟ್ಟು ಹಿಂಗಾರ ಕಾಣಲು ಐದಾರು ವರ್ಷ ಸಾಕು. ಆ ಕಸವನ್ನು 2019ರ ಮಳೆ ನಿಂತ ಕೂಡಲೇ ಎತ್ತಿ, ಮುಂದಿನ ಮಳೆಗೆ ಅಲ್ಲೇ ಸಸಿ ನೆಟ್ಟಿದ್ದರೆ ಇಷ್ಟರಲ್ಲಿ ಹೂ ಬಿಟ್ಟಿರುತ್ತಿತ್ತು.