ಅಪ್ಪ ಇದ್ದಾನಲ್ಲ ಎನ್ನುವವರಿಗೆ

ಅವ್ವ ಬಿಟ್ಟು ಹೋಗಿದ್ದಾಳೆ, ಅಪ್ಪ ಕುಡಿದು ಬಿದ್ದಿರುತ್ತಾನೆ, ಕೂಸು ಕಂಡವರ ಬಾಗಿಲಲ್ಲಿ ಉಣ್ಣುತ್ತದೆ. ಆ ಕೂಸನ್ನು ತಾಯಿಯ ತಾಯಿ, ಅಂದರೆ ಆಯಿ, ತನ್ನ ಮನೆಗೆ ಕರೆದೊಯ್ಯುತ್ತೇನೆಂದರೆ ಜುಗೂಳದಂಥ ನಮ್ಮ ಕೃಷ್ಣಾ ಹೊಳೆದಂಡೆಯ ಊರುಗಳ ಕಟ್ಟೆಗೆ ತಟ್ಟನೆ ನ್ಯಾಯ ನೆನಪಾಗುತ್ತದೆ.

“ಅಪ್ಪ ಇನ್ನಾ ಬದುಕ್ಯಾನ, ಆಯಿಗೇನ ಹಕ್ಕೈತಿ?” ಬದುಕಿದ್ದರೆ ಸಾಲದು. ನೋಡಿಕೊಳ್ಳಲು ತಂದೆತಾಯಿ ಅಸಮರ್ಥರೆಂದು ಮಕ್ಕಳ ಕಲ್ಯಾಣ ಸಮಿತಿ ಕಂಡುಕೊಂಡರೆ, ಆ ಮಗು 2015ರ ಬಾಲನ್ಯಾಯ ಕಾಯ್ದೆಯ ರಕ್ಷಣೆಗೆ ಬರುತ್ತದೆ. 2008ರಲ್ಲಿ ಸುಪ್ರೀಂ ಕೋರ್ಟ್, ಹೆಂಡತಿಯ ಸಾವಿನ ಪ್ರಕರಣದಲ್ಲಿ ಆರೋಪಿಯಾಗಿದ್ದ ತಂದೆ ಇರುವಾಗಲೇ ಹುಡುಗನನ್ನು ತಾಯಿಯ ತಂದೆತಾಯಿಗೆ ಒಪ್ಪಿಸಿತು. “ಮಗಳ ಮಗ ಬ್ಯಾರೆ ಮನಿತನದಂವ” ಎನ್ನುವವರಿಗೂ ಇದೇ ಉತ್ತರ.

“ಮುದುಕಿ, ಗಳಿಕಿ ಇಲ್ಲ.” 2022ರಲ್ಲಿ ಗುಜರಾತಿನ ಅನಾಥ ಬಾಲಕನೊಬ್ಬನನ್ನು ನೌಕರಿಯಿದ್ದ ಚಿಕ್ಕಮ್ಮನ ಬದಲು 71 ವರ್ಷದ ಅಜ್ಜ, 63ರ ಅಜ್ಜಿಗೆ ಕೊಡುವಾಗ, ವಯಸ್ಸು ಆದಾಯಗಳಷ್ಟೇ ಅಳತೆಗೋಲಲ್ಲ ಎಂದಿತು ಸುಪ್ರೀಂ ಕೋರ್ಟ್. ಕೋರ್ಟಿನ ಮಾತು ಬಿಡಿ. 2005, 2019, 2021ರಲ್ಲಿ ಕೃಷ್ಣೆ ಏರಿ ಬಂದಾಗ ಮೊಮ್ಮಕ್ಕಳನ್ನು ಬಗಲಲ್ಲಿಟ್ಟುಕೊಂಡು ಗಂಟುಮೂಟೆ ಹೊತ್ತು ಪರಿಹಾರ ಕೇಂದ್ರ ಸೇರಿದ ಮುದುಕಿಯರ ವಯಸ್ಸನ್ನು ಯಾರೂ ಕೇಳಲಿಲ್ಲ.

“ಮುದ್ದು ಮಾಡಿ ಕೆಡಸ್ತಾಳ.” ಕೆಡುವುದಕ್ಕಾದರೂ ಮೊದಲು ಹೊಟ್ಟೆ ತುಂಬಿರಬೇಕಲ್ಲ!

“ಅನಾಥಾಶ್ರಮಕ್ಕ ಹಾಕ್ರಿ.” ರಕ್ತಸಂಬಂಧದ ಮನೆ ತೆರೆದಿರುವಾಗ ಯಾಕೆ? ಸಂಸ್ಥೆ ಕಟ್ಟಕಡೆಯ ದಾರಿ ಎಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ.

“ರೊಕ್ಕದಾಸೆಗಿ ತರ್ತಾಳ.” ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಸಿಗುವುದು ತಿಂಗಳಿಗೆ 4,000 ರೂಪಾಯಿ. ಅಷ್ಟಕ್ಕಾಗಿ ಹತ್ತು ವರ್ಷ ರೊಟ್ಟಿ ಬಡಿಯುವವರಿದ್ದರೆ ಬಡಿಯಲಿ. ಹಾಗೆಂದು ಎಲ್ಲ ಆಯಿಯರೂ ದೇವರಲ್ಲ, ಒಪ್ಪುತ್ತೇನೆ. ಆಕೆಯ ಮನೆಯನ್ನೂ ಸಮಿತಿ ವಿಚಾರಿಸಲೇಬೇಕು.

ಕೊನೆಯದು, ಕೇಳಲು ಹಿತವಾದದ್ದು, ನನಗೆ ಹೆಚ್ಚು ಭಯ ಹುಟ್ಟಿಸುವುದೂ ಅದೇ: “ಹಿರ್ಯಾರು ಬಗಿಹರಸ್ತೀವಿ, ಕಾಗದ ಯಾಕ?” ಬಾಯಿಮಾತಿನ ಒಪ್ಪಂದ, ಅಪ್ಪ ಕುಡಿದು ಬಂದು ಕೂಸಿನ ರಟ್ಟೆ ಹಿಡಿದೆಳೆಯುವ ತನಕ. ಆ ಅಪರಾತ್ರಿ ಹಿರಿಯರು ಮಲಗಿರುತ್ತಾರೆ, ಆಯಿಯ ಕೈಯಲ್ಲಿ ತೋರಿಸಲು ಒಂದು ಹಾಳೆಯೂ ಇರುವುದಿಲ್ಲ. ಸಮಿತಿಯ ಆದೇಶವಿದ್ದರೆ ಪೊಲೀಸರಿಗೆ ಹೇಳಲು, ಶಾಲೆಯಲ್ಲಿ ಹೆಸರು ಹಚ್ಚಲು ಆಧಾರವಿರುತ್ತದೆ. ಸಾಮಾಜಿಕ ವಿಚಾರಣೆಗೆ 15 ದಿನ, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು ಎಂದು ಕಾಯ್ದೆ ಗಡುವು ಹಾಕಿದೆ.

ಹಿರಿಯರೇ, ತೀರ್ಪು ಕೊಡುವ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿರಿ.