ಬುಕ್ ಆಗಿದ್ದು ರೂಮು, ಮನೆಯವರಲ್ಲ

1/6
ಎಕ್ಸಾಮ್ ಮುಗಿಯೋದೇ ತಡ, ಕ್ಲಾಸ್ ಗ್ರೂಪ್‌ನಲ್ಲಿ ಶುರು: "ಮಗಾ, ಮೂಡಿಗೆರೆ ಕಡೆ ನಿಮ್ದು ಹೋಮ್‌ಸ್ಟೇ ಇದೆ ಅಲ್ವಾ? ನಮಗೆ ಎಷ್ಟಕ್ಕೆ ಕೊಡ್ತೀಯ?" ಬನ್ನಿ, ಬೇಡ ಅನ್ನಲ್ಲ. ಆದ್ರೆ ಬರೋ ಮುಂಚೆ ಈ ಆರೂ ಪೋಸ್ಟ್ ಓದಿ. ಸ್ವಲ್ಪ ಖಾರ ಇದೆ. ಅಪ್ಪ ಅಮ್ಮ ಪ್ರತಿ ಶನಿವಾರ ನುಂಗಿಕೊಳ್ಳೋ ಮಾತುಗಳಿವು, ಅವರು ಹೇಳಲ್ಲ, ಅದಕ್ಕೆ ನಾನು ಹೇಳ್ತಿದೀನಿ. ಹೋಮ್‌ಸ್ಟೇ ಅನ್ನೋದರಲ್ಲಿ ಮೊದಲು ಬರೋದು 'ಹೋಮ್'. ಅದು ನಮ್ಮದು. ನೀವು ದುಡ್ಡು ಕೊಡೋದು ಆಮೇಲಿನ 'ಸ್ಟೇ'ಗೆ ಮಾತ್ರ.

2/6
ಮೊದಲು ತಲೆ ಲೆಕ್ಕ. ನಾಲ್ಕು ಜನ ಅಂತ ಬುಕ್ ಮಾಡಿ ಒಂಬತ್ತು ಜನ ಇಳೀತಾರೆ. "ಆಂಟಿ, ನಾವು ಅಡ್ಜಸ್ಟ್ ಮಾಡ್ಕೋತೀವಿ, ನೆಲದ ಮೇಲೇ ಮಲಗ್ತೀವಿ." ಅಡ್ಜಸ್ಟ್ ಮಾಡ್ಕೊಳ್ಳೋದು ನೀವಲ್ಲ ಸ್ವಾಮಿ. ರಾತ್ರಿ ಎಂಟು ಗಂಟೆಗೆ ಇನ್ನೈದು ಜನಕ್ಕೆ ಅಕ್ಕಿ ರೊಟ್ಟಿ ತಟ್ಟೋದು ಅಮ್ಮ. ಮಳೆಗಾಲದಲ್ಲಿ ಸೋಲಾರ್ ನಂಬೋ ಹಾಗಿಲ್ಲ, ಹಂಡೆ ಒಲೆಗೆ ಸೌದೆ ಹಾಕೋದು ಅಪ್ಪ. ನೀವು ಕೆಸರಿನ ಶೂ ಒರೆಸಿದ ಟವೆಲ್ ಜುಲೈ ಮಳೆಯಲ್ಲಿ ಒಣಗೋಕೆ ಮೂರು ದಿನ ಬೇಕು. ಯಾರ ಐಡಿಯೂ ಕೊಡದ ಆ ಐದು ಜನಕ್ಕೆ ಫಾಲ್ಸ್ ಹತ್ತಿರ ಏನಾದ್ರೂ ಆದ್ರೆ, ಪೊಲೀಸರು ಬಂದು ಕೇಳೋದು ನಮ್ಮನ್ನೇ.

3/6
ಬೆಂಗಳೂರಲ್ಲಿ ಫ್ಲಶ್ ಒತ್ತಿದ್ರೆ ಎಲ್ಲ ಮಾಯ. ನಮ್ಮೂರಲ್ಲಿ ಒಳಚರಂಡಿ ಇಲ್ಲ, ಮನೆ ಹಿಂದೆ ಪಿಟ್ ಇದೆ. ಪ್ಯಾಡ್, ವೆಟ್ ವೈಪ್ಸ್, ಸಿಗರೇಟ್ ತುಂಡು ಹಾಕಿದ್ರೆ ಪೈಪ್ ಕಟ್ಟಿಕೊಳ್ಳುತ್ತೆ. ಅದನ್ನ ಬಿಡಿಸೋಕೆ ಬಗ್ಗೋನು ಒಬ್ಬ ಮನುಷ್ಯ.

ಇನ್ನು ಬಾಟಲಿ. ನೀವು ತೋಟದೊಳಗೆ ಬೀಸಾಡಿದ್ದು ದರಗಿನ ಅಡಿ ಮುಚ್ಚಿಹೋಗುತ್ತೆ. ಕಾಫಿ ಕುಯ್ಲಿಗೆ ಬರೋ ಹೆಂಗಸರ ಕಾಲಿಗೆ ಸಿಗುತ್ತೆ. ಕಳೆದ ಕುಯ್ಲಲ್ಲಿ ಒಬ್ಬ ಅಕ್ಕನ ಪಾದಕ್ಕೆ ಐದು ಹೊಲಿಗೆ ಬಿತ್ತು. ಕುಯ್ದಷ್ಟು ಕೆಜಿಗೆ ಕೂಲಿ, ಬಾರದ ದಿನಕ್ಕೆ ಏನೂ ಇಲ್ಲ. ಆಸ್ಪತ್ರೆ ಖರ್ಚು, ಹತ್ತು ದಿನದ ಕೂಲಿ ಅಪ್ಪ ಕೊಟ್ರು. ಬಾಟಲಿ ಎಸೆದವರ ಬಿಲ್ಲಲ್ಲಿ ಅದು ಇರಲಿಲ್ಲ. ಅವರು ಅಷ್ಟೊತ್ತಿಗೆ ಮಂಜಿನ ರೀಲ್ ಹಾಕಿ ಲೈಕ್ ಎಣಿಸಿ ಮುಗಿಸಿದ್ರು.

4/6
ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಸ್ಪೀಕರ್ ಹಾಕೋ ಹಾಗಿಲ್ಲ. ಅದು ಅಪ್ಪನ ಮೂಡ್ ಅಲ್ಲ, 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮ. "ದುಡ್ಡು ಕೊಟ್ಟಿದೀವಿ ಅಂಕಲ್, ಚಿಲ್ ಮಾಡಿ" ಅಂತೀರಿ. ಪಕ್ಕದ ಮನೆ ಅಜ್ಜ ನಿಮ್ಮಿಂದ ಒಂದು ರೂಪಾಯಿ ತಗೊಂಡಿಲ್ಲ. ಅವರ ನಿದ್ದೆ ಯಾವ ಪ್ಯಾಕೇಜಲ್ಲಿತ್ತು? ಕತ್ತಲಾದ ಮೇಲೆ ರಸ್ತೆಗೆ ಇಳೀಬೇಡಿ, ಆನೆ ಓಡಾಡ್ತವೆ ಅಂದ್ರೆ ಅದಕ್ಕೂ ನಗ್ತೀರಿ.

5/6
ಈಗ ಸ್ಟಾರ್ ವಿಷಯ. "ಉಂಬಳ ಕಚ್ಚಿತು, ಒಂದು ಸ್ಟಾರ್." ಉಂಬಳ ಅಂದ್ರೆ ಜಿಗಣೆ. ಅದಕ್ಕೆ ನಾವು ಸಂಬಳ ಕೊಟ್ಟು ಇಟ್ಕೊಂಡಿಲ್ಲ! "ಪೂರ್ತಿ ಮಳೆ, ಎರಡು ಸ್ಟಾರ್." ಜುಲೈಯಲ್ಲಿ ಮಲೆನಾಡಿಗೆ ಬಂದು ಈ ದೂರು.

ಲೆಕ್ಕ ಹಾಕಿ. ಹತ್ತು ಜನ ಐದೈದು ಸ್ಟಾರ್ ಕೊಟ್ಟಿದ್ದಾರೆ. ಹನ್ನೊಂದನೆಯವನು ಒಂದು ಕೊಟ್ಟ. ಸರಾಸರಿ 4.6ಕ್ಕೆ ಬಿತ್ತು. ವಾಪಸ್ 4.9 ಮುಟ್ಟೋಕೆ ಇನ್ನೂ 29 ಜನ ಐದೈದು ಕೊಡಬೇಕು. ಈ ಲೆಕ್ಕ ಗೊತ್ತಿದ್ದೇ ಕೆಲವರು ಹೊರಡೋವಾಗ ಅಪ್ಪನ ಹತ್ರ ಬಂದು ಮೆಲ್ಲಗೆ ಹೇಳ್ತಾರೆ: "ಎರಡು ಸಾವಿರ ಕಮ್ಮಿ ಮಾಡಿ, ಇಲ್ಲಾಂದ್ರೆ ರಿವ್ಯೂ ನೋಡ್ಕೊಳ್ಳಿ." ಇದನ್ನ ವಿಮರ್ಶೆ ಅನ್ನಲ್ಲ. ಸುಲಿಗೆ ಅಂತಾರೆ.

6/6
"ಓನರ್‌ಗಳೆಲ್ಲ ಸಾಚಾನಾ?" ಅಲ್ಲ. ಫೋಟೋದಲ್ಲಿ ಒಂದು, ರೂಮಲ್ಲಿ ಇನ್ನೊಂದು ತೋರಿಸೋರಿದ್ದಾರೆ. ಅಡ್ವಾನ್ಸ್ ನುಂಗೋರಿದ್ದಾರೆ. ಅವರಿಗೆ ಧಾರಾಳವಾಗಿ ಒಂದು ಸ್ಟಾರ್ ಕೊಡಿ, ಸ್ಟಾರ್ ಇರೋದೇ ಅದಕ್ಕೆ. ಮಳೆ ಮೇಲಿನ ಸಿಟ್ಟಿಗೆ, ಚೌಕಾಸಿಗೆ ಅದನ್ನ ಬಳಸಿದ್ರೆ ನಿಜವಾದ ಮೋಸಗಾರನನ್ನ ಗುರುತಿಸೋಕೆ ಏನು ಉಳೀತು?

"ಅಷ್ಟು ಕಷ್ಟ ಇದ್ರೆ ಬಾಗಿಲು ಹಾಕಿ" ಅಂತೀರಾ? ಹೂಮಳೆ ಕೈಕೊಟ್ಟ ವರ್ಷ ಕಾಫಿ ಫಸಲು ಕೈಗೆ ಬರಲ್ಲ. ನನ್ನ ಕಾಲೇಜ್ ಫೀಸ್ ಕಟ್ಟಿದ್ದು ಆ ಎರಡು ರೂಮಿನ ಬಾಡಿಗೆ. ದುಡ್ಡು ಬೇಕು, ನಿಜ. ದುಡ್ಡು ಬೇಕಾದವರು ಮರ್ಯಾದೆ ಬಿಡಬೇಕು ಅಂತ ಎಲ್ಲಿದೆ?

ಬರೋರು ಇಷ್ಟು ಮಾಡಿ. ಎಷ್ಟು ಜನ ಅಂತ ನಿಜ ಹೇಳಿ. ಬಾಟಲಿ ನಿಮ್ಮ ಗಾಡಿಯಲ್ಲೇ ವಾಪಸ್ ಹೋಗಲಿ. ಹತ್ತಕ್ಕೆ ಸೌಂಡ್ ಆಫ್. ಹೊರಡೋವಾಗ ಅಡುಗೆಮನೆ ಬಾಗಿಲಲ್ಲಿ ನಿಂತು "ಹೋಗಿ ಬರ್ತೀವಿ ಆಂಟಿ" ಅನ್ನಿ. ಹಾಗಂದವರಿಗೆ ಅಮ್ಮ ಕಾಫಿಪುಡಿ ಕಟ್ಟಿಕೊಡದೆ ಕಳಿಸಿದ್ದು ನಾನಂತೂ ನೋಡಿಲ್ಲ.

ನಿಮ್ಮ ಟ್ರಿಪ್ ಗ್ರೂಪ್‌ಗೆ ಇದನ್ನ ಕಳಿಸಿ. ಅಡ್ಜಸ್ಟ್ ಮಾಡ್ಕೋತೀವಿ ಅನ್ನೋ ಆ ಒಬ್ಬನನ್ನ ಟ್ಯಾಗ್ ಮಾಡಿ.

#ಹೋಮ್‌ಸ್ಟೇ #ಮಲೆನಾಡು #ಮೂಡಿಗೆರೆ #ಬಾಟಲಿ_ವಾಪಸ್