ದ್ವೀಪಗಳಿಗೆ ಬೇಕು ಗಟ್ಟಿಮುಟ್ಟಾದ ಸರಕು ವಿಮಾನ

ಚೆನ್ನೈನ ಮೀನಂಬಾಕ್ಕಂ ವಿಮಾನ ನಿಲ್ದಾಣದಿಂದ ಪೋರ್ಟ್ ಬ್ಲೇರ್‌ಗೆ, ಅಂದರೆ ಈಗಿನ ಶ್ರೀ ವಿಜಯಪುರಂಗೆ, ಔಷಧಿ ಕಳಿಸುವ ವ್ಯಾಪಾರ ನನ್ನದು. ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಜಾಗ ಸಿಕ್ಕರೆ ಎರಡೂವರೆ ಗಂಟೆಯೊಳಗೆ ತಲುಪುತ್ತದೆ. ಸಿಗದಿದ್ದರೆ ಹಡಗೇ ಗತಿ, ಸುಮಾರು ಮೂರು ದಿನ. ಅಲ್ಲಿಂದಾಚೆ ಕಾರ್ ನಿಕೋಬಾರ್, ಕ್ಯಾಂಪ್‌ಬೆಲ್ ಬೇ ಕಡೆಗೆ ಹೋಗಬೇಕಾದ ಸರಕು ಮತ್ತೊಂದು ಹಡಗಿಗೆ ಕಾಯಬೇಕು.

ಈ ಅಂಡಮಾನ್-ನಿಕೋಬಾರ್ ದ್ವೀಪಗಳಿಗೆ ದೊಡ್ಡ ಜೆಟ್ ಬೇಡ. ಚಿಕ್ಕ ರನ್‌ವೇಯಲ್ಲಿ ಇಳಿದು, ಹಿಂಬಾಗಿಲು ತೆರೆದು, ಕ್ರೇನ್ ಇಲ್ಲದೆಯೂ ಜನರೇಟರು, ಲಸಿಕೆ ಪೆಟ್ಟಿಗೆ ಇಳಿಸಬಲ್ಲ ವಿಮಾನ ಬೇಕು. ಇಂಥ ಕೆಲಸಕ್ಕೆ ಇಲ್ಲಿಯವರೆಗೆ ನೆನಪಾಗುವುದು ವಾಯುಪಡೆಯೇ. 2015ರ ಡಿಸೆಂಬರ್ ಮಳೆಗೆ ನಮ್ಮ ವಿಮಾನ ನಿಲ್ದಾಣ ಮುಳುಗಿದಾಗ ವಾಯುಪಡೆಯ ಸಾಗಣೆ ವಿಮಾನಗಳು ಅರಕ್ಕೋಣಂ ನೌಕಾನೆಲೆಯಲ್ಲಿ ಇಳಿದು ನೆರವಾದವು. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ಸಾಗಣೆ ವಿಮಾನ ಬಂಗಾಳ ಕೊಲ್ಲಿಯಲ್ಲಿ ಕಣ್ಮರೆಯಾಯಿತು. 29 ಜನ ಮರಳಲಿಲ್ಲ. ದ್ವೀಪಗಳ ಸಂಪರ್ಕವನ್ನೆಲ್ಲ ಸೈನಿಕರ ಹೆಗಲಿಗೇ ಬಿಡುವುದು ನ್ಯಾಯವಲ್ಲ.

ಬೇಕಾದಂಥ ವಿಮಾನ ನಮ್ಮ ದೇಶದಲ್ಲೇ ಆಗಬಲ್ಲದು. ಒಂಬತ್ತು ಟನ್ ಹೊರಬಲ್ಲ ಸಿ-295 ಸಾಗಣೆ ವಿಮಾನ ತಯಾರಿಸಲು ವಡೋದರಾದಲ್ಲಿ ಟಾಟಾ ಕಾರ್ಖಾನೆ 2024ರಲ್ಲಿ ಉದ್ಘಾಟನೆಯಾಗಿದೆ. ವಾಯುಪಡೆ ಕೇಳಿರುವ 56ರಲ್ಲಿ 40 ಇಲ್ಲಿಯೇ ಆಗಬೇಕು. ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟಿದ ಚಿಕ್ಕ ವಿಮಾನ ಡಾರ್ನಿಯರ್ 228, 2022ರಲ್ಲೇ ಅರುಣಾಚಲದಲ್ಲಿ ಜನರನ್ನು ಒಯ್ಯತೊಡಗಿತು. ಹಾಗಾದರೆ ಸರಕಿಗೇಕೆ ಆಗದು? ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯಲ್ಲಿ ಸೀಟಿಗೆ ಸಿಗುವ ನೆರವನ್ನು ದ್ವೀಪಗಳ ಸರಕಿಗೆ ಟನ್ ಲೆಕ್ಕದಲ್ಲಿ ಕೊಡಿ. ಚೆನ್ನೈನಿಂದ ವಾರಕ್ಕೆರಡು ನಿಗದಿತ ಹಾರಾಟ ಸಾಕು: ಹೋಗುವಾಗ ಔಷಧಿ, ಬರುವಾಗ ಅಲ್ಲಿನ ಮೀನು. ರೋಗಿಗೂ ಮೀನುಗಾರನಿಗೂ ಇದು ದಯೆಯಲ್ಲ, ಹಕ್ಕು. ಮುಂದಿನ ಬಜೆಟ್‌ನಲ್ಲೇ ಇದಕ್ಕೆ ಹಣ ಇಡಬೇಕು.